ತಿಮಿಂಗಿಲಗಣನೆಯೂ ಅನುಪಲಬ್ಧಿವಿಚಾರವೂ

೧

ಸಮುದ್ರದಲ್ಲಿ ತಿಮಿಂಗಿಲಗಳು ಎಷ್ಟಿವೆ ಎಂಬ ಪ್ರಶ್ನೆಯು ಪ್ರಾಣಿಶಾಸ್ತ್ರಜ್ಞರಿಗೆ ಮಾತ್ರ ಸೇರಿದುದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಅದಕ್ಕೆ ಉತ್ತರವನ್ನು ಹುಡುಕುವುದಕ್ಕಾಗಿ ಕಳೆದ ನೂರು ವರ್ಷಗಳಲ್ಲಿ ನಡೆದ ನೌಕಾಯಾನಗಳ ಚರಿತ್ರೆಯನ್ನು ಪರಿಶೀಲಿಸಿದವರಿಗೆ, ಅದು ಆದ್ಯಂತವಾಗಿ ಒಂದು ಪ್ರಮಾಣವಿಚಾರವೆಂಬುದು ಗೋಚರವಾಗದೆ ಇರದು. ಯಾವುದನ್ನು ಕಂಡೆವೋ ಅದು ಇದೆಯೆನ್ನುವುದು ಸುಲಭ; ಯಾವುದನ್ನು ಕಾಣಲಿಲ್ಲವೋ ಅದು ಇಲ್ಲವೆನ್ನಬಹುದೆ? ನಮ್ಮ ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ಚರ್ಚಿಸಿದ ಈ ಪ್ರಶ್ನೆಯೇ ಸಂಶೋಧನನೌಕೆಯ ಮೇಲ್ಗಟ್ಟೆಯಲ್ಲಿ ನಿಂತು ದೂರದರ್ಶಕದಿಂದ ಕಡಲನ್ನು ನೋಡುವವನ ಮುಂದೆಯೂ ಪ್ರತಿದಿನ ನಿಲ್ಲುತ್ತದೆ. ಈ ಎರಡರ ಸಂಬಂಧವನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಭಾಟ್ಟರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಅಂಗೀಕರಿಸುವರು. ನೈಯಾಯಿಕರು ಅದನ್ನು ಪ್ರತ್ಯೇಕಪ್ರಮಾಣವೆಂದು ಒಪ್ಪದೆ, ಅಭಾವವೂ ಇಂದ್ರಿಯದಿಂದಲೇ ಗೃಹೀತವಾಗುವುದೆಂದೂ ಅನುಪಲಬ್ಧಿಯು ಅದಕ್ಕೆ ಸಹಕಾರಿ ಮಾತ್ರವೆಂದೂ ಹೇಳುವರು. ಈ ವಿವಾದವು ಹೇಗೇ ಇರಲಿ, ಒಂದು ನಿಯಮವು ಎರಡು ಪಕ್ಷದವರಿಗೂ ಸಮ್ಮತವಾದುದು. ಅದೇನೆಂದರೆ, ಅನುಪಲಬ್ಧಿಯು ಯೋಗ್ಯಾನುಪಲಬ್ಧಿಯಾಗಿರಬೇಕು. ಬೆಳಕಿರುವ ನೆಲದ ಮೇಲೆ ಗಡಿಗೆ ಇದ್ದಿದ್ದರೆ ಕಾಣುತ್ತಿತ್ತು, ಕಾಣಲಿಲ್ಲ, ಆದಕಾರಣ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಇಲ್ಲವೆಂದು ಸಿದ್ಧವಾಗುವುದಿಲ್ಲ. ಹಾಗೆಯೇ ಸ್ವಭಾವತಃ ಕಣ್ಣಿಗೆ ಗೋಚರವಾಗದ ಪಿಶಾಚವು ಕಂಬದ ಮೇಲೆ ಕಾಣದಿರುವುದು ಅದರ ಅಭಾವಕ್ಕೆ ಸಾಧಕವಲ್ಲ. ಸಮುದ್ರವಾದರೋ ಅರ್ಧ ಬೆಳಕಿನ, ಅರ್ಧ ಕತ್ತಲೆಯ ಕೋಣೆ. ಅದರಲ್ಲಿರುವ ತಿಮಿಂಗಿಲವು ಒಂದು ಕ್ಷಣದಲ್ಲಿ ಗಡಿಗೆಯಂತೆ ಯೋಗ್ಯ, ಮರುಕ್ಷಣದಲ್ಲಿ ಪಿಶಾಚದಂತೆ ಅಯೋಗ್ಯ.

೨

ನಮ್ಮ ಕೋಶಗಳಿಗೂ ಕಾವ್ಯಗಳಿಗೂ ಈ ಪ್ರಾಣಿಗಳು ಹೊಸವಲ್ಲ. ಅಮರಸಿಂಹನು ವಾರಿವರ್ಗದಲ್ಲಿ ತಿಮಿಂಗಿಲ, ಶಿಶುಮಾರ ಮೊದಲಾದ ಹೆಸರುಗಳನ್ನು ಹೇಳಿರುವನು. ಕಾಳಿದಾಸನ ರಘುವಂಶದ ೧೩ನೆಯ ಸರ್ಗದಲ್ಲಿ, ಪುಷ್ಪಕವಿಮಾನದಲ್ಲಿ ಬರುತ್ತಿರುವ ಶ್ರೀರಾಮನು ಸೀತೆಗೆ ಸಮುದ್ರವನ್ನು ತೋರಿಸುವ ಸಂದರ್ಭವನ್ನು ಅಧ್ಯಾಪಕರೆಲ್ಲರೂ ಬಲ್ಲರು. ಅಲ್ಲಿ ತಿಮಿಗಳು ಬಾಯನ್ನು ಅಗಲವಾಗಿ ತೆರೆದು, ನದೀಮುಖದ ನೀರನ್ನು ಅದರೊಳಗಿನ ಜೀವಿಗಳೊಡನೆ ತುಂಬಿಕೊಂಡು, ಬಾಯನ್ನು ಮುಚ್ಚಿ, ರಂಧ್ರವುಳ್ಳ ತಲೆಗಳಿಂದ ನೀರಿನ ಧಾರೆಗಳನ್ನು ಮೇಲಕ್ಕೆ ಹಾರಿಸುತ್ತವೆಯೆಂಬ ವರ್ಣನೆಯಿದೆ.

ಈ ವರ್ಣನೆಯ ಪೂರ್ವಭಾಗವು ಆಶ್ಚರ್ಯಕರವಾಗಿ ಯಥಾರ್ಥವಾದುದು. ಹಲ್ಲಿಗೆ ಬದಲಾಗಿ ಬಾಯಲ್ಲಿ ಜಾಲರಿಯಂತಹ ಪಟ್ಟಿಗಳುಳ್ಳ ತಿಮಿಂಗಿಲಜಾತಿಗಳು ಹೀಗೆಯೇ ನೀರನ್ನು ಮೀನು ಸಿಗಡಿಗಳೊಡನೆ ತುಂಬಿಕೊಂಡು ಆಹಾರವನ್ನು ಸೋಸಿಕೊಳ್ಳುತ್ತವೆ. ಆದರೆ ಸೋಸಿದ ನೀರು ಹೊರಬೀಳುವುದು ಬಾಯಿಂದಲೇ ಹೊರತು ತಲೆಯ ರಂಧ್ರದಿಂದಲ್ಲ. ತಲೆಯ ಮೇಲಿನ ರಂಧ್ರವು ನಾಸಿಕೆ. ಅಲ್ಲಿಂದ ಏಳುವ ಧಾರೆಯು ಉಚ್ಛ್ವಾಸದ ಗಾಳಿ. ಅದರಲ್ಲಿ ಆವಿಯೂ ತುಂತುರೂ ಬೆರೆತಿರುವುದರಿಂದ ದೂರಕ್ಕೆ ನೀರಿನಂತೆ ಕಾಣುತ್ತದೆ. ಕವಿಯು ಎರಡು ಪ್ರತ್ಯಕ್ಷಗಳ ನಡುವೆ ಒಂದು ಕಾರ್ಯಕಾರಣಸಂಬಂಧವನ್ನು ಊಹಿಸಿದನು. ಊಹೆಯು ಸರಿಯಲ್ಲದಿದ್ದರೂ ಆತನು ಹಿಡಿದ ಚಿಹ್ನೆಯು ಸರಿಯಾದುದು. ಇಂದಿಗೂ ನೌಕೆಯ ಮೇಲಿನ ವೀಕ್ಷಕನಿಗೆ ದೊಡ್ಡ ತಿಮಿಂಗಿಲದ ಅಸ್ತಿತ್ವವನ್ನು ಮೊದಲು ತಿಳಿಸುವುದು ಆ ಶ್ವಾಸಧಾರೆಯೇ. ನೈಯಾಯಿಕರ ಪಾಠದಲ್ಲಿ ಪರ್ವತದ ಮೇಲಿನ ಧೂಮಕ್ಕೆ ಯಾವ ಸ್ಥಾನವೋ, ಈ ಗಣನೆಯಲ್ಲಿ ಅದಕ್ಕೂ ಅದೇ ಸ್ಥಾನ.

೩

ತಿಮಿಂಗಿಲಗಳನ್ನು ಮೊದಲು ಲೆಕ್ಕವಿಟ್ಟವರು ಅವುಗಳನ್ನು ಕೊಲ್ಲುತ್ತಿದ್ದವರು. ಅಮೆರಿಕದ ಬೇಟೆಯ ಹಡಗುಗಳು ದಿನಚರಿಯ ಪುಸ್ತಕಗಳಲ್ಲಿ ತಾವು ಎಲ್ಲಿ, ಯಾವ ದಿನ, ಯಾವ ಜಾತಿಯ ತಿಮಿಂಗಿಲವನ್ನು ಹಿಡಿದೆವೆಂದು ಬರೆದಿಡುತ್ತಿದ್ದುವು. ಚಾರ್ಲ್ಸ್ ಹ್ಯಾಸ್ಕಿನ್ಸ್ ಟೌನ್ಸೆಂಡ್ ಎಂಬ ವಿದ್ವಾಂಸನು ೧೭೬೧ರಿಂದ ೧೯೨೦ರವರೆಗಿನ ಇಂತಹ ಪುಸ್ತಕಗಳನ್ನು ಶೋಧಿಸಿ, ೧,೬೬೫ ಯಾನಗಳಲ್ಲಿ ಹಿಡಿದ ೫೩,೦೦೦ಕ್ಕೂ ಹೆಚ್ಚಿನ ತಿಮಿಂಗಿಲಗಳ ಸ್ಥಾನಗಳನ್ನು ಭೂಪಟಗಳ ಮೇಲೆ ಚುಕ್ಕೆಗಳಾಗಿ ಗುರುತಿಸಿ, ೧೯೩೫ರಲ್ಲಿ ಪ್ರಕಟಿಸಿದನು. ಶಾಸನಸಂಗ್ರಹಗಳ ಸಂಪಾದಕರು ಮೆಚ್ಚತಕ್ಕ ಪರಿಶ್ರಮವಿದು.

ಆದರೆ ಈ ಪಟವನ್ನು ಓದುವಾಗ ಎಚ್ಚರಿಕೆ ಬೇಕು. ಚುಕ್ಕೆಯಿರುವಲ್ಲಿ ತಿಮಿಂಗಿಲವಿತ್ತೆಂಬುದು ನಿಶ್ಚಯ. ಚುಕ್ಕೆಯಿಲ್ಲದಲ್ಲಿ ಏನು ಹೇಳಬೇಕು? ಅಲ್ಲಿಗೆ ಹಡಗು ಹೋಗದಿದ್ದಿರಬಹುದು. ಹೋದರೂ ಗಾಳಿ ಪ್ರತಿಕೂಲವಾಗಿದ್ದಿರಬಹುದು. ಕಂಡರೂ ಆ ಜಾತಿಯು ಎಣ್ಣೆಗೆ ಪ್ರಯೋಜನವಿಲ್ಲವೆಂದು ಬಿಟ್ಟಿರಬಹುದು. ಶಾಸನ ದೊರೆಯದ ಸೀಮೆಯಲ್ಲಿ ಅರಸೊತ್ತಿಗೆಯೇ ಇರಲಿಲ್ಲವೆನ್ನುವ ಇತಿಹಾಸಕಾರನೂ, ಚುಕ್ಕೆಯಿಲ್ಲದ ಕಡಲಿನಲ್ಲಿ ತಿಮಿಂಗಿಲವಿರಲಿಲ್ಲವೆನ್ನುವವನೂ ಒಂದೇ ದೋಷಕ್ಕೆ ಗುರಿಯಾಗುವರು. ಈ ದೋಷದ ದೊಡ್ಡ ಭಾಗವು ಋತುವಿಗೆ ಸಂಬಂಧಿಸಿದುದು. ಬೇಟೆಗಾರನು ತಿಮಿಂಗಿಲವು ಸುಲಭವಾಗಿ ಸಿಕ್ಕುವ ಕಾಲದಲ್ಲಿ ಅದು ಸಿಕ್ಕುವ ಸ್ಥಳಕ್ಕೆ ಹೋಗುವನು. ವರ್ಷದ ಉಳಿದ ಭಾಗದಲ್ಲಿ ಆ ಪ್ರಾಣಿಯ ವೃತ್ತಾಂತವು ಅವನ ಪುಸ್ತಕಕ್ಕೆ ಹೊರಗು.

೪

ಈ ಕೊರತೆಯು ದಕ್ಷಿಣಧ್ರುವದ ಸಮುದ್ರದಲ್ಲಿ ತೀವ್ರವಾಗಿದ್ದಿತು. ೨೦ನೆಯ ಶತಮಾನದ ಆದಿಯಿಂದ ದಕ್ಷಿಣ ಜಾರ್ಜಿಯ ದ್ವೀಪವು ತಿಮಿಂಗಿಲದ ಬೇಟೆಗೆ ಪ್ರಮುಖಸ್ಥಾನವಾಯಿತು. ಬೇಟೆಯಿಂದ ಆ ಸಂತತಿಯೇ ನಾಶವಾಗಬಹುದೆಂಬ ಶಂಕೆಯಿಂದ ಬ್ರಿಟಿಷ್ ಸರಕಾರವು ತಿಮಿಂಗಿಲದ ಎಣ್ಣೆಯ ಮೇಲೆ ವಿಧಿಸಿದ ತೆರಿಗೆಯ ಹಣದಿಂದ ‘ಡಿಸ್ಕವರಿ’ ಅನ್ವೇಷಣೆಗಳೆಂಬ ದೀರ್ಘ ಕಾರ್ಯವನ್ನು ಆರಂಭಿಸಿತು. ಪ್ರಾಣಿಯನ್ನು ಕೊಂದು ಬಂದ ಹಣವೇ ಆ ಪ್ರಾಣಿಯ ರಕ್ಷಣೆಗೆ ಬೇಕಾದ ಜ್ಞಾನವನ್ನು ಪೋಷಿಸಿತು. ಕ್ಯಾಪ್ಟನ್ ಸ್ಕಾಟನ ಯಾತ್ರೆಗಾಗಿ ೧೯೦೧ರಲ್ಲಿ ಡಂಡೀ ನಗರದಲ್ಲಿ ಕಟ್ಟಿದ್ದ ‘ಡಿಸ್ಕವರಿ’ ನೌಕೆಯು ೧೯೨೫ರಲ್ಲಿ ಸ್ಟ್ಯಾನ್ಲಿ ಕೆಂಪನ ನಾಯಕತ್ವದಲ್ಲಿ ಹೊರಟಿತು. ಆಲಿಸ್ಟರ್ ಹಾರ್ಡಿ ಎಂಬ ಪ್ರಾಣಿಶಾಸ್ತ್ರಜ್ಞನು ಅದರಲ್ಲಿದ್ದನು. ಬಳಿಕ ‘ವಿಲಿಯಂ ಸ್ಕೋರ್ಸ್‌ಬಿ’ ಮತ್ತು ‘ಡಿಸ್ಕವರಿ ೨’ ಎಂಬ ನೌಕೆಗಳು ಈ ಕೆಲಸಕ್ಕೆಂದೇ ನಿರ್ಮಿತವಾದುವು.

ದಕ್ಷಿಣಾರ್ಧಗೋಳದಲ್ಲಿ ನಮ್ಮ ಆಷಾಢಶ್ರಾವಣಗಳ ಕಾಲವೇ ಕಡು ಶೀತಕಾಲ. ಆ ಕಾಲದಲ್ಲಿ ಹಿಮಗಡ್ಡೆಯು ನೂರಾರು ಮೈಲಿ ಉತ್ತರಕ್ಕೆ ಹಬ್ಬುತ್ತದೆ. ಹಗಲು ಕೆಲವೇ ಗಂಟೆಗಳಿಗೆ ಕುಗ್ಗುತ್ತದೆ. ೧೯೩೨ರ ಶೀತಕಾಲದಲ್ಲಿ ‘ಡಿಸ್ಕವರಿ ೨’ ಹಿಮದ ಅಂಚನ್ನು ಮತ್ತೆ ಮತ್ತೆ ಸಮೀಪಿಸುತ್ತ ಧ್ರುವಖಂಡವನ್ನು ಸುತ್ತಿ ಬಂದಿತು. ಆ ಋತುವಿನಲ್ಲಿ ಹಾಗೆ ಪ್ರದಕ್ಷಿಣೆಮಾಡಿದ ಮೊದಲನೆಯ ನೌಕೆ ಅದೇ. ಬೇಟೆಗಾರರು ಕಾಲಿಡದ ಋತುವಿನಲ್ಲಿ ನೀರಿನ ಉಷ್ಣತೆಯನ್ನೂ ತಿಮಿಂಗಿಲಗಳ ಆಹಾರವಾದ ಕ್ರಿಲ್ ಎಂಬ ಸಿಗಡಿಯಂತಹ ಜೀವಿಯನ್ನೂ ಪರೀಕ್ಷಿಸಿದ್ದರಿಂದ ಅರ್ಧ ವರ್ಷದ ಜ್ಞಾನವು ಪೂರ್ಣ ವರ್ಷದ ಜ್ಞಾನವಾಗುವುದಕ್ಕೆ ದಾರಿಯಾಯಿತು.

ಶೀತಕಾಲದಲ್ಲಿ ಅಲ್ಲಿ ವಿರಳವಾಗುವ ತಿಮಿಂಗಿಲಗಳು ಎಲ್ಲಿಗೆ ಹೋಗುತ್ತವೆ? ಇದಕ್ಕೆ ಆ ವಿದ್ವಾಂಸರು ಕಂಡುಕೊಂಡ ಉಪಾಯವು ಅಂಕನ. ಸಂಖ್ಯೆಯನ್ನು ಕೊರೆದ ಲೋಹದ ಕೊಳವೆಯನ್ನು ಬಂದೂಕಿನಿಂದ ತಿಮಿಂಗಿಲದ ಬೆನ್ನಿನ ಕೊಬ್ಬಿಗೆ ಹೊಡೆಯುವುದು. ಮುಂದೆ ಆ ಪ್ರಾಣಿಯನ್ನು ಬೇಟೆಯಾಡಿದವರು ಆ ಕೊಳವೆಯನ್ನು ಹಿಂದಕ್ಕೆ ಕಳುಹಿಸುವುದು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಸುಮಾರು ೫,೦೦೦ ತಿಮಿಂಗಿಲಗಳಿಗೆ ಹೀಗೆ ಗುರುತಿಟ್ಟರು. ಧ್ರುವಸಮುದ್ರದಲ್ಲಿ ಗುರುತಿಟ್ಟ ಹಂಪ್‌ಬ್ಯಾಕ್, ಎಂದರೆ ಗೂನುಬೆನ್ನಿನ ತಿಮಿಂಗಿಲಗಳು ಪಶ್ಚಿಮ ಆಸ್ಟ್ರೇಲಿಯದ ಕರಾವಳಿಯಲ್ಲಿ ಸಿಕ್ಕಿದುವು. ಬೇಸಗೆಯಲ್ಲಿ ಹಿಮದ ಬಳಿ ಆಹಾರ, ಶೀತಕಾಲದಲ್ಲಿ ಉಷ್ಣಜಲದಲ್ಲಿ ಪ್ರಸವ ಎಂಬ ವಲಸೆಯ ಕ್ರಮವು ಇದರಿಂದ ಸ್ಥಿರಪಟ್ಟಿತು. ಆದರೆ ಈ ಪ್ರಮಾಣಕ್ಕೆ ತೆರಬೇಕಾದ ಬೆಲೆಯನ್ನು ಮರೆಯಲಾಗದು: ಗುರುತು ಓದಬೇಕಾದರೆ ಪ್ರಾಣಿಯು ಸಾಯಬೇಕು.

ಜೀವಂತ ಪ್ರಾಣಿಗಳನ್ನು ಕಂಡ ಲೆಕ್ಕದಿಂದಲೇ ಒಟ್ಟು ಸಂಖ್ಯೆಯನ್ನು ಅನುಮಾನಿಸುವ ಪ್ರಯತ್ನವೂ ಇದೇ ಮೂಲದಿಂದ ಹುಟ್ಟಿತು. ೧೯೩೩ರಿಂದ ೧೯೩೯ರವರೆಗೆ ‘ಡಿಸ್ಕವರಿ ೨’ ನೌಕೆಯಿಂದ ಕಂಡ ತಿಮಿಂಗಿಲಗಳ ದಾಖಲೆಗಳನ್ನು ಆಧಾರವಾಗಿಟ್ಟುಕೊಂಡು ಮ್ಯಾಕಿಂಟಾಷ್ ಮತ್ತು ಬ್ರೌನ್ ಎಂಬವರು ೧೯೫೬ರಲ್ಲಿ ದಕ್ಷಿಣಸಮುದ್ರದ ದೊಡ್ಡ ತಿಮಿಂಗಿಲಗಳ ಅಂದಾಜನ್ನು ಪ್ರಕಟಿಸಿದರು.

೫

ಬೇಟೆಯ ಲೆಕ್ಕಗಳನ್ನು ನಂಬಿ ಕೂಡುವುದು ಎಷ್ಟು ಅಪಾಯಕರವೆಂಬುದು ಆ ಬಳಿಕ ಗೊತ್ತಾಯಿತು. ಶಬ್ದವು ಪ್ರಮಾಣವಾಗಬೇಕಾದರೆ ಅದು ಆಪ್ತವಾಕ್ಯವಾಗಿರಬೇಕಷ್ಟೆ. ೧೯೪೬ರ ಅಂತರರಾಷ್ಟ್ರೀಯ ಒಪ್ಪಂದದಂತೆ ಪ್ರತಿಯೊಂದು ದೇಶವೂ ತಾನು ಹಿಡಿದ ತಿಮಿಂಗಿಲಗಳ ಲೆಕ್ಕವನ್ನು ಒಪ್ಪಿಸಬೇಕಾಗಿದ್ದಿತು. ಸೋವಿಯೆತ್ ಒಕ್ಕೂಟವು ದಕ್ಷಿಣಾರ್ಧಗೋಳದಲ್ಲಿ ಹಿಡಿದ ಗೂನುಬೆನ್ನಿನ ತಿಮಿಂಗಿಲಗಳು ೩,೦೦೦ಕ್ಕಿಂತ ಕಡಿಮೆಯೆಂದು ಲೆಕ್ಕ ಕೊಟ್ಟಿದ್ದಿತು. ಒಕ್ಕೂಟವು ಒಡೆದ ಮೇಲೆ, ೧೯೯೦ರ ದಶಕದಲ್ಲಿ, ಆ ಹಡಗುಗಳಲ್ಲಿಯೇ ಕೆಲಸಮಾಡಿದ್ದ ವಿಜ್ಞಾನಿಗಳು ತಾವು ಉಳಿಸಿಟ್ಟಿದ್ದ ನಿಜವಾದ ಲೆಕ್ಕಗಳನ್ನು ಹೊರಗಿಟ್ಟರು. ಹಿಡಿದಿದ್ದುದು ೪೮,೦೦೦ಕ್ಕೂ ಮೇಲೆ.

ಈ ವೃತ್ತಾಂತದ ಒಂದು ಪ್ರಕರಣವು ನಮ್ಮ ಪಶ್ಚಿಮಸಮುದ್ರಕ್ಕೇ ಸೇರಿದುದು. ಯೂರಿ ಮಿಖಾಲೆವ್ ಎಂಬವನು ೧೯೯೭ರಲ್ಲಿ ಪ್ರಕಟಿಸಿದ ಪ್ರಬಂಧದಿಂದ, ಸೋವಿಯೆತ್ ಹಡಗುಗಳು ಅರಬೀ ಸಮುದ್ರದಲ್ಲಿ ೨೪೨ ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದಿದ್ದುವೆಂದೂ, ಅವುಗಳಲ್ಲಿ ಕೆಲವನ್ನುಳಿದು ಎಲ್ಲವೂ ೧೯೬೬ರ ನವೆಂಬರ್ ಒಂದೇ ತಿಂಗಳಲ್ಲಿ ಸತ್ತುವೆಂದೂ ತಿಳಿಯಿತು. ಬೇಟೆಯು ನಿಷಿದ್ಧವಾಗಿದ್ದಿತು, ಕೊಂದವರು ಬಚ್ಚಿಟ್ಟರು. ಆದರೆ ಸತ್ತ ಪ್ರಾಣಿಗಳ ಹೊಟ್ಟೆಯಲ್ಲಿ ಆಹಾರವಿದ್ದಿತು. ಗರ್ಭಸ್ಥ ಶಿಶುಗಳ ಬೆಳವಣಿಗೆಯು ಉತ್ತರಾರ್ಧಗೋಳದ ಋತುಕ್ರಮಕ್ಕೆ ಹೊಂದಿದ್ದಿತು. ಆದಕಾರಣ ಇವು ದಕ್ಷಿಣಧ್ರುವದಿಂದ ವಲಸೆ ಬಂದವಲ್ಲ. ವರ್ಷವಿಡೀ ಅರಬೀ ಸಮುದ್ರದಲ್ಲಿಯೇ ಇರುವ ಪ್ರತ್ಯೇಕ ಕುಲವೆಂಬುದು ಸಿದ್ಧವಾಯಿತು. ಒಂದು ಕುಲವು ಇದೆಯೆಂಬ ನಿಶ್ಚಯವು ಜಗತ್ತಿಗೆ ದೊರೆತುದು ಅದು ಬಹುಪಾಲು ಹತವಾದ ಮೂವತ್ತು ವರ್ಷಗಳ ಮೇಲೆ!

೬

ವಾಣಿಜ್ಯದ ಬೇಟೆಯನ್ನು ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ೧೯೮೨ರಲ್ಲಿ ನಿರ್ಣಯಿಸಿತು. ಅಂದಿನಿಂದ ಜೀವಂತ ಪ್ರಾಣಿಗಳ ಗಣನೆಯೇ ಮುಖ್ಯ ಆಧಾರವಾಯಿತು. ಅದರ ಕ್ರಮವನ್ನು ಸಂಗ್ರಹವಾಗಿ ಹೇಳುವೆನು.

ಪಟದ ಮೇಲೆ ಮೊದಲೇ ಎಳೆದ ರೇಖೆಗಳ ಗುಂಟ ನೌಕೆಯು ಗಂಟೆಗೆ ಸುಮಾರು ೧೦ ನಾವಿಕ ಮೈಲಿ ವೇಗದಿಂದ ಸಾಗುತ್ತದೆ. ಮೇಲ್ಗಟ್ಟೆಯ ಎರಡು ಪಾರ್ಶ್ವಗಳಲ್ಲಿ ೨೫ ಪಟ್ಟು ಹಿಗ್ಗಿಸಿ ತೋರಿಸುವ, ಕಂಬಕ್ಕೆ ಕೂಡಿಸಿದ ದೂರದರ್ಶಕಗಳ ಹಿಂದೆ ಇಬ್ಬರು ವೀಕ್ಷಕರು. ನಡುವೆ ಬರಿಗಣ್ಣಿನಿಂದ ನೋಡುತ್ತ ಬರೆದುಕೊಳ್ಳುವ ಒಬ್ಬನು. ಪ್ರಾಣಿಯು ಕಂಡೊಡನೆ ಅದು ನೌಕೆಯ ದಾರಿಗೆ ಎಷ್ಟು ಅಂಶದ ಕೋನದಲ್ಲಿದೆ, ಎಷ್ಟು ದೂರದಲ್ಲಿದೆ ಎಂದು ಗುರುತಿಸುವರು. ಇವೆರಡರಿಂದ ರೇಖೆಗೆ ಇರುವ ಲಂಬದೂರವು ಸಿದ್ಧಿಸುತ್ತದೆ. ನಮ್ಮ ಜ್ಯೋತಿಷಿಗಳ ಜ್ಯಾಗಣಿತವನ್ನು ಬಲ್ಲವರಿಗೆ ಇದು ಸುಗಮ: ಮೂವತ್ತು ಅಂಶದ ಜ್ಯೆಯು ತ್ರಿಜ್ಯೆಯ ಅರ್ಧವಾದುದರಿಂದ, ೪,೦೦೦ ಮೀಟರು ದೂರದಲ್ಲಿ ಮೂವತ್ತು ಅಂಶದ ಕೋನದಲ್ಲಿ ಕಂಡ ಪ್ರಾಣಿಯು ರೇಖೆಯಿಂದ ೨,೦೦೦ ಮೀಟರಿನಲ್ಲಿದೆ.

ರೇಖೆಯ ಸಮೀಪದಲ್ಲಿ ಹೆಚ್ಚು ಪ್ರಾಣಿಗಳು ಕಾಣುತ್ತವೆ, ದೂರದಲ್ಲಿ ಕಡಿಮೆ. ಪ್ರಾಣಿಗಳು ನೌಕೆಯ ದಾರಿಯನ್ನರಿತು ಅದರ ಬಳಿ ಗುಂಪುಗೂಡಿಲ್ಲವಷ್ಟೆ. ಆದಕಾರಣ ಈ ಇಳಿತವು ಪ್ರಾಣಿಗಳ ಅಭಾವದಿಂದಾದುದಲ್ಲ, ಕಣ್ಣಿನ ಅಶಕ್ತಿಯಿಂದಾದುದು. ಇಳಿತದ ಪ್ರಮಾಣವನ್ನು ಅಳೆದರೆ ಕಾಣದೆ ಹೋದ ಪ್ರಾಣಿಗಳ ಸಂಖ್ಯೆಯು ಅನುಮಾನದಿಂದ ದೊರೆಯುತ್ತದೆ. ಅನುಪಲಬ್ಧಿಯ ಅಯೋಗ್ಯತೆಯನ್ನು ಅಲ್ಲಗಳೆಯದೆ, ಅದನ್ನೇ ಅಳೆದು ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಈ ಕ್ರಮದ ಸಾರ.

ಆದರೂ ರೇಖೆಯ ಮೇಲೆಯೇ ಇರುವ ಪ್ರಾಣಿಯು ತಪ್ಪದೆ ಕಾಣುವುದೆಂಬ ಒಂದು ಕಲ್ಪನೆಯು ಇದರ ಬುಡದಲ್ಲಿದೆ. ನೂರಾರು ಡಾಲ್ಫಿನ್ನುಗಳ ಗುಂಪಿನ ವಿಷಯದಲ್ಲಿ ಇದು ಹೆಚ್ಚುಕಡಿಮೆ ಸತ್ಯ. ಮುಳುಗಿರುವ ಪ್ರಾಣಿಯ ವಿಷಯದಲ್ಲಿ ಅಸತ್ಯ. ಕ್ಯೂವಿಯೇ ಎಂಬ ಹೆಸರಿನ ಕೊಕ್ಕಿನ ತಿಮಿಂಗಿಲವು ಒಂದು ಸಲ ೨೨೨ ನಿಮಿಷ ನೀರೊಳಗಿದ್ದುದನ್ನು ಅಳೆದು ೨೦೨೦ರಲ್ಲಿ ಪ್ರಕಟಿಸಿರುವರು. ಅಷ್ಟರಲ್ಲಿ ನೌಕೆಯು ೩೭ ನಾವಿಕ ಮೈಲಿ ಮುಂದೆ ಹೋಗಿರುತ್ತದೆ. ಗಾಳಿಯೂ ಇದಕ್ಕೆ ಸೇರಿದುದು. ಬೋಫರ್ಟನ ಮಾನದಲ್ಲಿ ೩ನೆಯ ಅಂಕಕ್ಕೆ ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆಯೇಳುತ್ತದೆ. ಆಮೇಲೆ ಪ್ರತಿಯೊಂದು ನೊರೆಯೂ ಒಂದು ಶ್ವಾಸಧಾರೆಯಂತೆಯೂ, ಪ್ರತಿಯೊಂದು ಶ್ವಾಸಧಾರೆಯೂ ಒಂದು ನೊರೆಯಂತೆಯೂ ತೋರುತ್ತದೆ. ಆದುದರಿಂದ ವೀಕ್ಷಕರು ಪ್ರಾಣಿಯನ್ನು ಕಾಣದ ಗಂಟೆಗಳಲ್ಲಿಯೂ ಗಾಳಿಯ ಅಂಕ, ಬೆಳಕು, ಮಂಜುಗಳನ್ನು ತಪ್ಪದೆ ಬರೆಯುವರು. ಯೋಗ್ಯತೆಯನ್ನು ದಾಖಲೆಮಾಡದ ಅನುಪಲಬ್ಧಿಗೆ ಬೆಲೆಯಿಲ್ಲ.

ಕಡಲಹಕ್ಕಿಗಳ ಗಣನೆಯಲ್ಲಿ ದೋಷವು ವಿಪರೀತವಾಗಿ ಬರುತ್ತದೆ. ಹಕ್ಕಿಗಳನ್ನು ಸಾಮಾನ್ಯವಾಗಿ ನೌಕೆಯ ಒಂದು ಪಾರ್ಶ್ವದ ೩೦೦ ಮೀಟರು ಅಗಲದ ಪಟ್ಟಿಯಲ್ಲಿ ಎಣಿಸುವರು. ಹಕ್ಕಿಯು ನೌಕೆಗಿಂತ ವೇಗವಾಗಿ ಹಾರುವುದರಿಂದ, ಪಟ್ಟಿಗೆ ಬಂದುಹೋದುದನ್ನೆಲ್ಲ ಎಣಿಸಿದರೆ ಇರುವುದಕ್ಕಿಂತ ಹೆಚ್ಚು ಸಂಖ್ಯೆ ಬರುತ್ತದೆ; ಆಲ್ಬಟ್ರಾಸ್ ಹಕ್ಕಿಯು ನೌಕೆಯನ್ನೇ ಹಿಂಬಾಲಿಸಿದರೆ ಒಂದೇ ಹಕ್ಕಿ ಹತ್ತಾಗುತ್ತದೆ. ನೌಕೆಯ ಮುಂದಲೆಯಲ್ಲಿ ಆಡಲು ಓಡಿಬರುವ ಡಾಲ್ಫಿನ್ನುಗಳಿಂದಲೂ ಇಂತಹ ಆಧಿಕ್ಯದೋಷವು ಉಂಟಾಗುವುದು. ಕಾಣದುದನ್ನು ಇಲ್ಲವೆನ್ನುವುದು ಒಂದು ಭ್ರಾಂತಿಯಾದರೆ, ಕಂಡ ಸಲಗಳನ್ನು ಪ್ರಾಣಿಗಳೆಂದು ಎಣಿಸುವುದು ಇನ್ನೊಂದು. ಇದನ್ನು ತಪ್ಪಿಸಲು ಹಾರುವ ಹಕ್ಕಿಗಳನ್ನು ನಿಯತಕಾಲಕ್ಕೊಮ್ಮೆ, ಆ ಕ್ಷಣದಲ್ಲಿ ಪಟ್ಟಿಯೊಳಗಿರುವಷ್ಟನ್ನೇ ಎಣಿಸುವ ಪದ್ಧತಿಯು ೧೯೮೪ರಿಂದ ಪ್ರಚಾರಕ್ಕೆ ಬಂದಿತು.

೭

ಈ ಕ್ರಮವನ್ನು ಶೀತಕಾಲಕ್ಕೆ ಅನ್ವಯಿಸಿದ ಉದಾಹರಣೆಯು ಹವಾಯಿ ದ್ವೀಪಗಳದು. ಅಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಇಲಾಖೆಯು ೨೦೦೨, ೨೦೧೦, ೨೦೧೭ನೆಯ ವರ್ಷಗಳಲ್ಲಿ ದೊಡ್ಡ ಗಣನೆಗಳನ್ನು ನಡೆಸಿತು. ಇವು ಮುಖ್ಯವಾಗಿ ಬೇಸಗೆ ಶರತ್ಕಾಲಗಳಲ್ಲಿ ನಡೆದುವು. ಅಲಾಸ್ಕದ ಕಡೆಯಿಂದ ಬರುವ ಗೂನುಬೆನ್ನಿನ ತಿಮಿಂಗಿಲಗಳು ಹವಾಯಿಯಲ್ಲಿ ನೆರೆಯುವುದಾದರೋ ಶೀತಕಾಲದಲ್ಲಿ. ಬೇಸಗೆಯ ಪುಸ್ತಕವನ್ನು ಮಾತ್ರ ಓದಿದವನಿಗೆ ಆ ಸಾವಿರಾರು ಪ್ರಾಣಿಗಳು ಹವಾಯಿಯಲ್ಲಿ ಇಲ್ಲವೇ ಇಲ್ಲ! ಅದಕ್ಕಾಗಿಯೇ ೨೦೨೦ರ ಜನವರಿಯಿಂದ ಮಾರ್ಚಿಯವರೆಗೆ ‘ಆಸ್ಕರ್ ಎಲ್ಟನ್ ಸೆಟ್’ ಎಂಬ ನೌಕೆಯಿಂದ ಶೀತಕಾಲದ ಗಣನೆಯೊಂದು ನಡೆಯಿತು.

ಕಣ್ಣಿಗೆ ಯೋಗ್ಯವಲ್ಲದುದು ಕಿವಿಗೆ ಯೋಗ್ಯವಾಗಬಹುದೆಂಬುದಕ್ಕೂ ಹವಾಯಿಯೇ ನಿದರ್ಶನ. ೧೯೫೦ರ ದಶಕದಲ್ಲಿ ಜಲಾಂತರ್ಗಾಮಿ ನೌಕೆಗಳು ಆ ಸಮುದ್ರದಲ್ಲಿ ‘ಬೋಯಿಂಗ್’ ಎಂದು ಅನುರಣಿಸುವ ಧ್ವನಿಯೊಂದನ್ನು ಕೇಳಿದ್ದುವು. ಅದನ್ನು ಹೊರಡಿಸುವವರು ಯಾರೆಂಬುದು ಸುಮಾರು ಐವತ್ತು ವರ್ಷ ಅಜ್ಞಾತವಾಗಿತ್ತು. ೨೦೦೨ರ ಗಣನೆಯಲ್ಲಿ, ನೌಕೆಯ ಹಿಂದೆ ನೀರಿನಲ್ಲಿ ಎಳೆಯುವ ಶ್ರವಣಯಂತ್ರಗಳಿಂದ ಆ ಧ್ವನಿಯ ದಿಕ್ಕನ್ನು ಹಿಡಿದು ಹೋದವರಿಗೆ ಮಿಂಕೆ ಎಂಬ ಸಣ್ಣ ಜಾತಿಯ ತಿಮಿಂಗಿಲವು ಕಂಡಿತು. ರ‍್ಯಾಂಕಿನ್ ಮತ್ತು ಬಾರ್ಲೋ ಎಂಬ ವಿದ್ವಾಂಸರು ಇದನ್ನು ೨೦೦೫ರಲ್ಲಿ ಪ್ರಕಟಿಸಿದರು. ಈ ಜಾತಿಯು ಹವಾಯಿಯಲ್ಲಿ ಕಣ್ಣಿಗೆ ಬೀಳುವುದು ತೀರ ಅಪೂರ್ವ. ಅದರ ಧ್ವನಿಯು ಶೀತಕಾಲದ ಸಮುದ್ರದಲ್ಲಿ ಸಾಮಾನ್ಯ. ಇದು ಶಾಸ್ತ್ರೋಕ್ತವಾದ ಶಬ್ದಪ್ರಮಾಣವಲ್ಲ, ಶ್ರಾವಣಪ್ರತ್ಯಕ್ಷವೆಂಬುದನ್ನು ವಿದ್ವಾಂಸರಿಗೆ ಬೇರೆ ಹೇಳಬೇಕಾಗಿಲ್ಲ.

೮

ಇನ್ನು ನಮ್ಮ ಸಮುದ್ರದ ಮಾತು. ಕರ್ಣಾಟಕದ ಕರಾವಳಿಯು ಯಾವ ಸಮುದ್ರದ ದಡವೋ, ೧೯೬೬ರಲ್ಲಿ ಹತವಾದ ಕುಲದ ಮನೆಯೂ ಅದೇ. ಒಮಾನ್ ದೇಶದ ತೀರದಲ್ಲಿ, ಬಾಲದ ಅಡಿಯ ಗುರುತುಗಳಿಂದ ಒಂದೊಂದು ಪ್ರಾಣಿಯನ್ನೂ ಭಾವಚಿತ್ರದಲ್ಲಿ ಗುರುತಿಸಿ ೨೦೧೧ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಲ್ಲಿದ್ದವು ೮೨. ಈ ಕುಲವನ್ನು ಅಪಾಯಕ್ಕೊಳಗಾದುದೆಂದು ೨೦೦೮ರಲ್ಲಿಯೇ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿರುವರು. ಭಾರತದ ಕಡೆಯಲ್ಲಿ ‘ಸಾಗರಸಂಪದಾ’ ನೌಕೆಯ ೩೫ ಯಾನಗಳಲ್ಲಿ, ೨೦೦೩ರ ಅಕ್ಟೋಬರಿನಿಂದ ೨೦೦೭ರ ಫೆಬ್ರುವರಿಯವರೆಗೆ, ತಿಮಿಂಗಿಲ ಡಾಲ್ಫಿನ್ನುಗಳನ್ನು ೪೭೩ ಸಲ ಕಂಡು ದಾಖಲಿಸಿರುವರು. ಆ ಯಾನಗಳು ಬೇರೆ ಉದ್ದೇಶಗಳಿಗಾಗಿ ಹೊರಟವು. ವೀಕ್ಷಕರು ಅವುಗಳಲ್ಲಿ ಸ್ಥಾನ ಪಡೆದು ಹೋಗಿದ್ದರು. ಮೇಲೆ ವಿವರಿಸಿದಂತೆ ರೇಖೆಯೆಳೆದು ಮಾಡಿದ ಗಣನೆ ಅದಲ್ಲವಾದರೂ, ಭಾರತದ ಕಡಲಿನ ವಿಷಯದಲ್ಲಿ ಅದು ಗೌರವಾರ್ಹವಾದ ಉಪಕ್ರಮ.

ಇಲ್ಲಿ ಋತುವಿನ ನ್ಯಾಯವು ತಿರುಗಿ ನಿಲ್ಲುತ್ತದೆಂಬುದು ಗಮನಾರ್ಹ. ಧ್ರುವಸಮುದ್ರದಲ್ಲಿ ಶೀತಕಾಲವು ವೀಕ್ಷಕನಿಗೆ ಕತ್ತಲೆಯ ಕೋಣೆ. ಅರಬೀ ಸಮುದ್ರದಲ್ಲಿಯಾದರೋ ಕತ್ತಲೆಯ ಕೋಣೆಯು ಮುಂಗಾರು. ಹೇಮಂತ ಶಿಶಿರಗಳಲ್ಲಿ ನಮ್ಮ ಕಡಲು ಬಹುಮಟ್ಟಿಗೆ ಪ್ರಸನ್ನವಾಗಿರುತ್ತದೆ. ಅನುಪಲಬ್ಧಿಗೆ ಯೋಗ್ಯತೆಯನ್ನು ಪ್ರಕೃತಿಯೇ ಒದಗಿಸುವ ಕಾಲ ಅದು. ಆ ಕಾಲದಲ್ಲಿ ಕ್ರಮವಾಗಿ ನೋಡಿ ಕಾಣದೆ ಹೋದರೆ ಆ ಕಾಣದಿರುವಿಕೆಗೆ ಅರ್ಥವುಂಟು. ನೋಡದೆಯೇ ಇದ್ದು ಇಲ್ಲವೆಂದರೆ ಅದು ಅಜ್ಞಾನಕ್ಕೆ ಅಭಾವದ ಹೆಸರನ್ನಿಟ್ಟಂತೆ.

ಈ ಭೇದವು ವಾದಗೋಷ್ಠಿಗೆ ಮಾತ್ರ ಸೇರಿದುದಲ್ಲ. ಇಲ್ಲವೆಂದು ಬರೆದ ಪ್ರಾಣಿಗೆ ರಕ್ಷಣೆಯಿಲ್ಲ. ಅದು ಬಲೆಗೆ ಸಿಕ್ಕಿ ಸತ್ತರೂ ಹಡಗಿಗೆ ತಗುಲಿ ಸತ್ತರೂ ಲೆಕ್ಕದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಅರಬೀ ಸಮುದ್ರದ ಕುಲವು ಒಮ್ಮೆ ಆ ಗತಿಯನ್ನು ಅನುಭವಿಸಿದೆ. ಆದುದರಿಂದ ಏನೂ ಕಾಣದ ದಿನ ವೀಕ್ಷಕನು ತನ್ನ ಪುಸ್ತಕದಲ್ಲಿ ಬರೆಯತಕ್ಕ ವಾಕ್ಯವು ‘ಇಲ್ಲ’ ಎಂಬುದಲ್ಲ; ‘ಇಷ್ಟು ಗಂಟೆ, ಇಷ್ಟು ಗಾಳಿಯಲ್ಲಿ, ಇಷ್ಟು ಬೆಳಕಿನಲ್ಲಿ ನೋಡಿದೆವು; ಕಾಣಲಿಲ್ಲ’ ಎಂಬುದು. ಭಾಟ್ಟರೂ ನೈಯಾಯಿಕರೂ ಈ ವಾಕ್ಯಕ್ಕೆ ಸಮಾನವಾಗಿ ಸಮ್ಮತಿ ಕೊಡುತ್ತಿದ್ದರು.